ನಿಧಿಕಥನದ ಫಲಶ್ರುತಿ: ‘ಗೇರುಸೊಪ್ಪ’ ನೌಕೆಯ ಶೋಧವನ್ನು ಕುರಿತು

1

ಕಡಲಲ್ಲಿ ಮುಳುಗಿದ ನಿಧಿನೌಕೆಗಳನ್ನೂ ಅವುಗಳ ಶೋಧವನ್ನೂ ವಸ್ತುವಾಗಿ ಉಳ್ಳ ಬರವಣಿಗೆಯು ಕಳೆದ ನಾಲ್ಕೈದು ದಶಕಗಳಲ್ಲಿ ಒಂದು ಪ್ರತ್ಯೇಕ ಪ್ರಕಾರವೆಂದು ಎಣಿಸಬಹುದಾದಷ್ಟು ಬೆಳೆದಿದೆ. ವೃತ್ತಪತ್ರಿಕೆಯ ವರದಿ, ಶೋಧ ನಡೆಸಿದ ಸಂಸ್ಥೆಯ ಪ್ರಕಟಣೆ, ಸಾಕ್ಷ್ಯಚಿತ್ರ, ಕೊನೆಗೊಂದು ಹೊತ್ತಗೆ, ಹೀಗೆ ಒಂದೇ ಕಥೆ ಹಲವು ವೇಷಗಳಲ್ಲಿ ನಮ್ಮೆದುರು ಬರುತ್ತದೆ. ವೇಷ ಬೇರೆಯಾದರೂ ಕಟ್ಟಡ ಒಂದೇ. ಮೊದಲು ಹಡಗಿನ ಅವಸಾನ. ಬಳಿಕ ದೀರ್ಘವಾದ ಮರೆವು. ಆಮೇಲೆ ಯಂತ್ರಸಾಹಸದಿಂದ ಕೂಡಿದ ಹುಡುಕಾಟ. ಕಟ್ಟಕಡೆಗೆ ಒಂದು ಸಂಖ್ಯೆ. ಇಂತಿಷ್ಟು ಟನ್ನು, ಇಂತಿಷ್ಟು ಕೋಟಿ ಎಂಬ ಆ ಸಂಖ್ಯೆಯನ್ನು ಕೇಳಿದ ಮೇಲೆಯೇ ಓದುಗನಿಗೆ ಕಥೆ ಮುಗಿದ ಸಮಾಧಾನ.

ನಮ್ಮ ಪುರಾಣಗಳ ಕೊನೆಯಲ್ಲಿ ಫಲಶ್ರುತಿ ಎಂಬುದೊಂದು ಉಂಟಷ್ಟೆ. ಈ ಕಥೆಯನ್ನು ಕೇಳಿದವರಿಗೆ ಇಂಥ ಫಲ ದೊರೆಯುತ್ತದೆಂದು ಅದು ಹೇಳುತ್ತದೆ. ನಿಧಿನೌಕೆಯ ಕಥನದ ಕೊನೆಯ ಸಂಖ್ಯೆಯೂ ಫಲಶ್ರುತಿಯೇ. ಭೇದವಿಷ್ಟೆ: ಪುರಾಣದ ಫಲ ಕೇಳಿದವನಿಗೆ, ಇಲ್ಲಿಯ ಫಲ ಮತ್ತಾರಿಗೋ. ಆದರೂ ಪುರಾಣಕಾರನು ಕಥೆಯನ್ನು ಫಲಶ್ರುತಿಗಾಗಿ ಬರೆಯಲಿಲ್ಲ. ಕಥೆ ತನ್ನ ಧರ್ಮದಂತೆ ನಡೆದು ಮುಗಿದ ಮೇಲೆ ಅದು ಬಾಲದಂತೆ ಬಂದುದು. ನಿಧಿಕಥನದಲ್ಲಾದರೋ ಮೊದಲ ವಾಕ್ಯವೇ ಕೊನೆಯ ಸಂಖ್ಯೆಯತ್ತ ಮುಖಮಾಡಿ ನಿಂತಿರುತ್ತದೆ. ಹೀಗೆ ಸಂಖ್ಯೆಯ ಕಡೆಗೆ ಹರಿಯುವ ಕಥೆಯಲ್ಲಿ ಏನು ಉಳಿಯುತ್ತದೆ, ಏನು ಬಿಟ್ಟುಹೋಗುತ್ತದೆ ಎಂಬುದನ್ನು ಪರೀಕ್ಷಿಸುವುದು ಪ್ರಸ್ತುತ ಲೇಖನದ ಉದ್ದೇಶ. ನಿದರ್ಶನಕ್ಕಾಗಿ ಆರಿಸಿಕೊಂಡಿರುವುದು ನಮ್ಮ ನಾಡಿನ ಊರೊಂದರ ಹೆಸರನ್ನು ಹೊತ್ತು ಮುಳುಗಿದ ‘ಗೇರುಸೊಪ್ಪ’ ಎಂಬ ಹಡಗಿನ ವೃತ್ತಾಂತವನ್ನು. ಆದರೆ ಪರೀಕ್ಷೆಗೆ ಮೊದಲು ಒಂದು ಒರೆಗಲ್ಲು ಬೇಕು. ಅದು ನನಗೆ ದೊರೆತುದು ದೂರದ ಕೊಲಂಬಿಯಾ ದೇಶದ ಒಂದು ಕಾದಂಬರಿಯಲ್ಲಿ.

2

ಗೇಬ್ರಿಯಲ್ ಗಾರ್ಸಿಯಾ ಮಾರ್ಕ್ವೆಜ್ 1985ರಲ್ಲಿ ಪ್ರಕಟಿಸಿದ, ಇಂಗ್ಲಿಷಿನಲ್ಲಿ ‘ಲವ್ ಇನ್ ದಿ ಟೈಮ್ ಆಫ್ ಕಾಲರಾ’ ಎಂದು ಪ್ರಸಿದ್ಧವಾದ ಕಾದಂಬರಿಯಲ್ಲಿ ‘ಸಾನ್ ಹೊಸೆ’ ಎಂಬ ನಿಧಿನೌಕೆಯ ಪ್ರಸಂಗವಿದೆ. ಈ ಹಡಗು ಕವಿಕಲ್ಪನೆಯದಲ್ಲ. ಅಮೆರಿಕದ ವಸಾಹತುಗಳ ಬೆಳ್ಳಿಬಂಗಾರವನ್ನು ತುಂಬಿಕೊಂಡು ಸ್ಪೇನಿನ ಕಡೆಗೆ ಹೊರಟಿದ್ದ ಈ ನೌಕೆಯು 1708ರ ಜೂನ್ 8ರಂದು ಕಾರ್ತಹೇನಾ ಬಂದರದ ಸಮೀಪದಲ್ಲಿ ಇಂಗ್ಲಿಷ್ ನೌಕಾಬಲದೊಡನೆ ನಡೆದ ಕಾಳಗದಲ್ಲಿ ಮುಳುಗಿತು. ಹಡಗಿನಲ್ಲಿ ಇದ್ದವರು ಸುಮಾರು 600 ಮಂದಿ, ಉಳಿದವರು ಬೆರಳೆಣಿಕೆಯಷ್ಟು. ಕಾದಂಬರಿಯ ನಾಯಕ ಫ್ಲೊರೆಂತೀನೊ ಎಂಬ ತಂತಿಕಚೇರಿಯ ತರುಣ. ತಾನು ಪ್ರೀತಿಸಿದ ಹುಡುಗಿಯನ್ನು ಬಂಗಾರದಲ್ಲಿ ಮುಳುಗಿಸಬೇಕೆಂಬ ಹಂಬಲದಿಂದ ಅವನು ಈ ಹಡಗನ್ನು ಎತ್ತಲು ಹೊರಡುತ್ತಾನೆ. ಈಜುವುದರಲ್ಲಿ ನಿಪುಣನಾದ ಒಬ್ಬ ಬಾಲಕನು ಅವನಿಗೆ ಸಹಾಯಕ. ಬಾಲಕನು ಕಡಲಡಿಗೆ ಹೋಗಿ ಬಂದು, ಅಲ್ಲಿ ಕಂಡ ಹಡಗುಗಳ ವರ್ಣನೆಯನ್ನು ಬಣ್ಣಬಣ್ಣವಾಗಿ ಮಾಡುತ್ತಾನೆ. ಸಾಕ್ಷ್ಯವಾಗಿ ಕೆಲವು ಆಭರಣಗಳನ್ನೂ ತಂದುಕೊಡುತ್ತಾನೆ. ಪ್ರೇಮಿ ನಂಬುತ್ತಾನೆ.

ನಂಬದವಳು ಅವನ ತಾಯಿ. ಚಿಲ್ಲರೆ ಸಾಮಾನಿನ ಅಂಗಡಿ ಇಟ್ಟುಕೊಂಡಿರುವ ಆಕೆ, ಒಳಗೊಳಗೆ, ಬಡವಾದ ದೊಡ್ಡ ಮನೆತನದ ಹೆಂಗಸರಿಗೆ ಒಡವೆಗಳ ಮೇಲೆ ಸಾಲ ಕೊಡುವವಳು. ಮಗನು ತಂದ ಒಡವೆಯ ಲೋಹವನ್ನು ಆಕೆ ಹಲ್ಲಿನಿಂದ ಕಚ್ಚಿ ನೋಡುತ್ತಾಳೆ. ಹರಳನ್ನು ಬೆಳಕಿಗೆ ಹಿಡಿಯುತ್ತಾಳೆ. ಗಾಜು! ಮಗನ ಮುಗ್ಧತೆಯನ್ನು ಯಾರೋ ದುಡಿಸಿಕೊಳ್ಳುತ್ತಿದ್ದಾರೆಂಬುದು ಆ ಕ್ಷಣದಲ್ಲಿ ಆಕೆಗೆ ಹೊಳೆಯುತ್ತದೆ.

ಒಡವೆಯ ಮೇಲೆ ಸಾಲ ಕೊಡುವುದು ಇಂದಿಗೂ ನಡೆದಿರುವ ಬ್ಯಾಂಕಿನಲ್ಲಿ ಅನ್ನ ಸಂಪಾದಿಸುವ ನನ್ನಂಥವನಿಗೆ ಈ ಪ್ರಸಂಗ ವಿಶೇಷ ರುಚಿಸಿದರೆ ಆಶ್ಚರ್ಯವಿಲ್ಲ. ಆದರೆ ಅದರ ಸಾರಸ್ಯ ವೃತ್ತಿಬಾಂಧವ್ಯದಲ್ಲಿಲ್ಲ. ಬಾಲಕನ ಕಥೆಯಲ್ಲಿ ಮೋಸವಿದ್ದುದು ವರ್ಣನೆಯಲ್ಲಲ್ಲ, ಒಡವೆಯಲ್ಲಿ. ವರ್ಣನೆ ಎಷ್ಟು ಸೊಗಸಾಗಿತ್ತೆಂದರೆ ಒಡವೆಯನ್ನು ಪರೀಕ್ಷಿಸಬೇಕೆಂಬ ಯೋಚನೆಯೇ ಕೇಳಿದವನಿಗೆ ಬರಲಿಲ್ಲ. ಒತ್ತೆಯಂಗಡಿಯ ಆ ತಾಯಿಯೇ ಕಾದಂಬರಿಯೊಳಗಿನ ವಿಮರ್ಶಕಿ. ಕಥೆಗೆ ಕಿವಿಗೊಟ್ಟೂ ವಸ್ತುವನ್ನು ಬೆಳಕಿಗೆ ಹಿಡಿದು ನೋಡುವ ಆಕೆಯ ರೀತಿಯೇ ನಮ್ಮ ಒರೆಗಲ್ಲು.

ನಿಜವಾದ ‘ಸಾನ್ ಹೊಸೆ’ಯನ್ನು ಕೊಲಂಬಿಯಾ ಸರ್ಕಾರವು 2015ರ ನವೆಂಬರಿನಲ್ಲಿ ಸುಮಾರು 600 ಮೀಟರ್ ಆಳದಲ್ಲಿ ಗುರುತಿಸಿತು. ಅದನ್ನು ಗುರುತಿಸಲು ನೆರವಾದುದು ಬಂಗಾರವಲ್ಲ. ಕಂಚಿನ ಫಿರಂಗಿಗಳ ಮೇಲೆ ಕೆತ್ತಿದ್ದ ಡಾಲ್ಫಿನ್ ಮೀನಿನ ಆಕೃತಿಗಳು. ಅಲ್ಲಿಂದ ಮುಂದೆ ಅದು ಯಾರ ಸೊತ್ತೆಂಬ ವ್ಯಾಜ್ಯ ಮತ್ತಷ್ಟು ಬಲವಾಯಿತು. ಕೊಲಂಬಿಯಾ ತನ್ನದೆಂದಿತು, ಧ್ವಜ ತನ್ನದಾದ್ದರಿಂದ ಹಡಗೂ ತನ್ನದೆಂದು ಸ್ಪೇನ್ ಹೇಳಿತು, ತಮ್ಮ ಪೂರ್ವಿಕರ ಬೆವರಿನಿಂದ ಅಗೆದ ಬೆಳ್ಳಿಯಲ್ಲಿ ತಮಗೂ ಪಾಲುಂಟೆಂದು ಬೊಲಿವಿಯಾದ ಖಾರಾ ಖಾರಾ ಎಂಬ ಮೂಲನಿವಾಸಿ ಜನ ಹೇಳಿದರು. ಈ ಮೂರನೆಯ ದನಿ ನಮ್ಮ ವಿಷಯಕ್ಕೆ ಬಹಳ ಸಮೀಪವಾದುದು. ಅದನ್ನು ನೆನಪಿನಲ್ಲಿಟ್ಟುಕೊಂಡು ನಮ್ಮ ಹಡಗಿಗೆ ಬರೋಣ.

3

‘ಗೇರುಸೊಪ್ಪ’ ನೌಕೆಯು 1919ರಲ್ಲಿ ಇಂಗ್ಲೆಂಡಿನ ಜ್ಯಾರೋ ಎಂಬಲ್ಲಿ ನಿರ್ಮಿತವಾದ, 5,237 ಟನ್ನಿನ ಉಗಿಹಡಗು. ಒಡೆತನ ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿಯದು. ಆ ಕಂಪನಿಯು ತನ್ನ ಹಡಗುಗಳಿಗೆ ‘ಆ’ಕಾರಾಂತವಾದ ಊರುಹೆಸರುಗಳನ್ನು ಇಡುವ ಪದ್ಧತಿಯನ್ನು ಇಟ್ಟುಕೊಂಡಿತ್ತು. ಜೋಗದ ಜಲಪಾತವನ್ನು ಆಂಗ್ಲರು ಗೇರುಸೊಪ್ಪೆಯ ಜಲಪಾತವೆಂದೇ ಕರೆಯುತ್ತಿದ್ದುದರಿಂದ ಆ ಹೆಸರು ಅವರಿಗೆ ಪರಿಚಿತವಾಗಿತ್ತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940ರ ಡಿಸೆಂಬರಿನಲ್ಲಿ, ಈ ಹಡಗು ಕಲ್ಕತ್ತೆಯಿಂದ ಬ್ರಿಟನ್ನಿಗೆ ಹೊರಟಿತು. ಒಡಲಲ್ಲಿ ಬೆಳ್ಳಿಯ ಗಟ್ಟಿಗಳು, ಬೀಡುಕಬ್ಬಿಣ, ಚಹಾದ ಪೆಟ್ಟಿಗೆಗಳು, ಇತರ ಸರಕು, ಅಂಚೆಯ ಚೀಲಗಳು. ಆಫ್ರಿಕದ ಪಶ್ಚಿಮ ತೀರದ ಫ್ರೀಟೌನಿನಲ್ಲಿ ಬೆಂಗಾವಲಿನ ಹಡಗುಗಳ ತಂಡವನ್ನು ಸೇರಿ, 1941ರ ಜನವರಿ ಕೊನೆಯಲ್ಲಿ ಉತ್ತರಕ್ಕೆ ಸಾಗಿತು. ಹವೆ ಕೆಟ್ಟಿತು, ಕಲ್ಲಿದ್ದಲು ಕರಗುತ್ತ ಬಂತು. ತಂಡದ ವೇಗಕ್ಕೆ ಹೆಜ್ಜೆಹಾಕಲಾರದೆ ಫೆಬ್ರವರಿ 14ರಂದು ಅದು ಬೆಂಗಾವಲನ್ನು ಬಿಟ್ಟು, ಒಂಟಿಯಾಗಿ ಐರ್ಲೆಂಡಿನ ಗಾಲ್ವೇ ಬಂದರದ ಕಡೆ ತಿರುಗಿತು. ಫೆಬ್ರವರಿ 16ರ ರಾತ್ರಿ ಯು-101 ಎಂಬ ಜರ್ಮನ್ ಜಲಾಂತರ್ಗಾಮಿಯ ಟಾರ್ಪೆಡೊ ತಗುಲಿ ಸುಮಾರು ಇಪ್ಪತ್ತು ನಿಮಿಷಗಳಲ್ಲಿ ಮುಳುಗಿಹೋಯಿತು.

ಹಡಗಿನಲ್ಲಿದ್ದವರು 86 ಮಂದಿ. ನೀರಿಗಿಳಿದ ಜೀವರಕ್ಷಕ ದೋಣಿಗಳಲ್ಲಿ ಒಂದು ಮಾತ್ರ ದಡವನ್ನು ಕಂಡಿತು. ದ್ವಿತೀಯ ಅಧಿಕಾರಿ ರಿಚರ್ಡ್ ಏಯರ್ಸನ ನಾಯಕತ್ವದ ಆ ದೋಣಿಯಲ್ಲಿ ಮೊದಲು ಇದ್ದವರು ಮೂವತ್ತೊಂದು ಮಂದಿ. ಅವರಲ್ಲಿ ಎಂಟು ಜನ ಯೂರೋಪಿಯನರು, ಇಪ್ಪತ್ತಮೂರು ಜನ ಭಾರತದ ಲಸ್ಕರರು. ಚಳಿಗಾಲದ ಅಟ್ಲಾಂಟಿಕ್ಕಿನಲ್ಲಿ ಹದಿಮೂರು ದಿನ. ಮಾರ್ಚ್ 1ರಂದು ಕಾರ್ನ್‌ವಾಲಿನ ಲಿಜರ್ಡ್ ತೀರವನ್ನು ಮುಟ್ಟುವ ಹೊತ್ತಿಗೆ ಜೀವ ಹಿಡಿದುಕೊಂಡಿದ್ದವರು ಕೆಲವೇ ಜನ. ಅಲ್ಲಿಯ ಅಲೆಗೆ ದೋಣಿ ಮಗುಚಿತು. ಉಳಿದವನು ಏಯರ್ಸ್ ಒಬ್ಬನೇ. ಮಿಕ್ಕ 85 ಮಂದಿ ಕಡಲ ಪಾಲಾದರು.

4

ಇನ್ನು ಶೋಧದ ವಿಷಯ. ನಿಧಿಯ ಹುಡುಕಾಟವೆಂದರೆ ಕಡಲಲ್ಲಿ ನಡೆಯುವುದೆಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ಅದು ಮೊದಲು ನಡೆಯುವುದು ಕಾಗದದಲ್ಲಿ. ಸರಕುಪಟ್ಟಿ, ವಿಮೆಯ ಪತ್ರ, ಯುದ್ಧನಷ್ಟದ ದಾಖಲೆ, ಬದುಕುಳಿದವನ ಹೇಳಿಕೆ, ಇವುಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ತಾಳೆ ನೋಡುವ ತಾಳ್ಮೆಯಿಲ್ಲದವನಿಗೆ ಸಾಗರವು ಬರಿಯ ನೀರು. ಎಲ್ಲಿ ಮುಳುಗಿತು, ಏನು ಮುಳುಗಿತು, ಅದು ಯಾರದು ಎಂಬ ಮೂರು ಪ್ರಶ್ನೆಗಳಿಗೂ ಉತ್ತರ ಮೊದಲು ಕಡತದಲ್ಲಿ ದೊರೆಯಬೇಕು.

ಯಾರದು ಎಂಬ ಪ್ರಶ್ನೆಗೆ ಇಲ್ಲಿಯ ಉತ್ತರ ವಿಮೆಯ ಸೂತ್ರದಿಂದ ಬಂದುದು. ನಷ್ಟಕ್ಕೆ ಪರಿಹಾರ ತೆತ್ತವನಿಗೆ ನಷ್ಟವಾದ ಸರಕಿನ ಮೇಲಣ ಹಕ್ಕು ಸಲ್ಲುತ್ತದೆ. ಯುದ್ಧಕಾಲದ ಅಪಾಯಕ್ಕೆ ವಿಮೆ ಕೊಟ್ಟಿದ್ದ ಬ್ರಿಟಿಷ್ ಸರ್ಕಾರವು ಬೆಳ್ಳಿಯ ಒಡೆಯರಿಗೆ ಪರಿಹಾರ ತೆತ್ತು, ಮುಳುಗಿದ ಬೆಳ್ಳಿಗೆ ತಾನು ಒಡೆಯನಾಯಿತು. ಸುಮಾರು ಏಳು ದಶಕಗಳ ತರುವಾಯ, 2010ರಲ್ಲಿ, ಆ ಸರ್ಕಾರದ ಸಾರಿಗೆ ಇಲಾಖೆಯು ಟೆಂಡರ್ ಕರೆದು, ಅಮೆರಿಕದ ಒಡಿಸ್ಸಿ ಮರೀನ್ ಎಕ್ಸ್‌ಪ್ಲೊರೇಶನ್ ಎಂಬ ಸಂಸ್ಥೆಗೆ ಶೋಧದ ಗುತ್ತಿಗೆಯನ್ನು ಕೊಟ್ಟಿತು. ಕರಾರಿನಂತೆ, ಖರ್ಚು ಕಳೆದು ಉಳಿದ ಮೊತ್ತದಲ್ಲಿ ನೂರಕ್ಕೆ 80 ಭಾಗ ಸಂಸ್ಥೆಗೆ; ಮಿಕ್ಕುದು ಸರ್ಕಾರಕ್ಕೆ. ಜಯವಾಗದಿದ್ದರೆ ನಷ್ಟವೆಲ್ಲ ಸಂಸ್ಥೆಯದೇ.

2011ರಲ್ಲಿ, ಐರ್ಲೆಂಡಿನ ನೈಋತ್ಯಕ್ಕೆ ಸುಮಾರು 300 ಮೈಲಿ ದೂರದಲ್ಲಿ, ಹಡಗಿನ ಹಿಂದೆ ಆಳದಲ್ಲಿ ಎಳೆದೊಯ್ಯುವ ಸೋನಾರ್ ಯಂತ್ರದ ಶಬ್ದತರಂಗಗಳು ಕಡಲ ತಳದಲ್ಲೊಂದು ನೆರಳನ್ನು ತೋರಿಸಿದುವು. ಆಳ ಸುಮಾರು 4,700 ಮೀಟರ್. ಲೋಕಪ್ರಸಿದ್ಧವಾದ ‘ಟೈಟಾನಿಕ್’ ಬಿದ್ದಿರುವುದು ಸುಮಾರು 3,800 ಮೀಟರಿನಲ್ಲಿ ಎಂಬುದನ್ನು ನೆನೆದರೆ ಇದರ ಕಷ್ಟ ಅರಿವಾದೀತು. ಅಲ್ಲಿಗೆ ಮನುಷ್ಯ ಮುಳುಗಿ ಹೋಗಲಾರ. ಮೇಲಿನ ಹಡಗಿನಿಂದ ತಂತಿಯ ಮೂಲಕ ನಡೆಸುವ ಯಂತ್ರದ ಕಣ್ಣು, ಯಂತ್ರದ ಕೈ ಮಾತ್ರ ಹೋಗಬಲ್ಲವು. ಆ ಕಣ್ಣಿಗೆ ಕಂಡುದು ನೆಟ್ಟಗೆ ಕುಳಿತಿದ್ದ ಒಡಲು, ಟಾರ್ಪೆಡೊ ಕೊರೆದ ರಂಧ್ರ, ಚಹಾದ ಪೆಟ್ಟಿಗೆಗಳು. 2012ರಲ್ಲಿ 1,218, 2013ರಲ್ಲಿ 1,574, ಹೀಗೆ ಒಟ್ಟು 2,792 ಬೆಳ್ಳಿಯ ಗಟ್ಟಿಗಳು ಮೇಲೆ ಬಂದವು. ಒಂದೊಂದು ಗಟ್ಟಿ ಸುಮಾರು 1,100 ಔನ್ಸು. ಒಟ್ಟು ತೂಕ ನೂರು ಟನ್ನಿನ ಆಸುಪಾಸು. ವಿಮೆ ಮಾಡಿಸಿದ್ದ ಬೆಳ್ಳಿಯಲ್ಲಿ ನೂರಕ್ಕೆ 99ಕ್ಕೂ ಹೆಚ್ಚು ಪಾಲು ಕೈಸೇರಿತೆಂದು ಸಂಸ್ಥೆ ಸಾರಿತು. ಅಷ್ಟು ಆಳದಿಂದ ಅಷ್ಟು ತೂಕದ ಅಮೂಲ್ಯ ಲೋಹವನ್ನು ಅಲ್ಲಿಯವರೆಗೆ ಯಾರೂ ಎತ್ತಿರಲಿಲ್ಲ. ಈ ಸಾಧನೆಗೆ ಸಲ್ಲಬೇಕಾದ ಗೌರವವನ್ನು ಯಾವ ವಿಮರ್ಶೆಯೂ ಕಸಿದುಕೊಳ್ಳಬಾರದು.

ಒತ್ತೆಯಂಗಡಿಯ ತಾಯಿ ಈ ಗಟ್ಟಿಗಳನ್ನು ಹಲ್ಲಿನಿಂದ ಕಚ್ಚಿದ್ದರೆ ಅವು ಅಪ್ಪಟ ಬೆಳ್ಳಿಯೇ. ಹಾಗಾದರೆ ನಮ್ಮ ತಕರಾರೇನು?

5

ತಕರಾರು ಲೆಕ್ಕದ ಸತ್ಯದ ಬಗೆಗಲ್ಲ, ಅಂಕಣಗಳ ಬಗೆಗೆ. ಖಾತೆಪುಸ್ತಕದ ಒಂದು ಗುಣವನ್ನು ಅದರೊಡನೆ ಬಾಳಿದವರೆಲ್ಲರೂ ಬಲ್ಲರು. ಯಾವ ಬಾಬಿಗೆ ಅಂಕಣವಿಲ್ಲವೋ ಆ ಬಾಬು ಪುಸ್ತಕದ ಮಟ್ಟಿಗೆ ಇಲ್ಲವೇ ಇಲ್ಲ. ಪುಸ್ತಕ ಸುಳ್ಳು ಹೇಳುವುದಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ, ಅಷ್ಟೆ. ‘ಗೇರುಸೊಪ್ಪ’ದ ಕಥೆಯನ್ನು ಹೇಳಿದವರು ಬಹುಮಟ್ಟಿಗೆ ವಿಮೆಯ ಪುಸ್ತಕದ ಅಂಕಣಗಳನ್ನೇ ಕಥೆಯ ಅಂಕಣಗಳನ್ನಾಗಿ ಮಾಡಿಕೊಂಡರು. ಬೆಳ್ಳಿಗೆ ವಿಮೆಯಿತ್ತು, ಆದ್ದರಿಂದ ಬೆಳ್ಳಿ ಕಥಾನಾಯಕ. ಬದುಕಿ ಬಂದ ಅಧಿಕಾರಿಯ ಹೇಳಿಕೆ ಕಡತದಲ್ಲಿತ್ತು. ಆದ್ದರಿಂದ ಅವನು ಉಪನಾಯಕ. ಲಸ್ಕರರಿಗೆ ಯಾವ ಅಂಕಣವೂ ಇರಲಿಲ್ಲ. ಅವರು ಒಂದು ಅಂಕಿಯಾಗಿ ಬಂದು, ಅಂಕಿಯಾಗಿಯೇ ಹೋಗುತ್ತಾರೆ.

ಲಸ್ಕರರೆಂದರೆ ಯಾರು? ಉಗಿಹಡಗುಗಳ ಕುಲುಮೆಗೆ ಕಲ್ಲಿದ್ದಲು ಎಸೆದವರು, ಅಟ್ಟ ತೊಳೆದವರು, ಹಗ್ಗ ಎಳೆದವರು, ಅಡುಗೆ ಮಾಡಿದವರು. ಬಂಗಾಳದ ನದೀತೀರಗಳಿಂದ, ಕೊಂಕಣದಿಂದ, ಪಶ್ಚಿಮ ಕರಾವಳಿಯ ಇತರ ಎಡೆಗಳಿಂದ ಬಂದವರು. ಅವರಿಗೆ ಸಲ್ಲುತ್ತಿದ್ದ ಕೂಲಿ ಅದೇ ಅಟ್ಟದ ಮೇಲೆ ದುಡಿಯುವ ಬ್ರಿಟಿಷ್ ನಾವಿಕನ ಕೂಲಿಯ ಒಂದಂಶ ಮಾತ್ರ. 1939ರಲ್ಲಿ ಯುದ್ಧ ಮೊದಲಾದೊಡನೆ ಬ್ರಿಟನ್ನಿನ ಬಂದರಗಳಲ್ಲಿ ಅವರು ಮುಷ್ಕರ ಹೂಡಿ, ಅಪಾಯಕ್ಕೆ ತಕ್ಕ ಕೂಲಿ ಕೇಳಿದ್ದರು. ಕಲ್ಲಿದ್ದಲು ತೀರುತ್ತ ಬಂದುದರಿಂದ ಹಡಗು ಬೆಂಗಾವಲು ಬಿಟ್ಟಿತೆಂದು ಎಲ್ಲ ವೃತ್ತಾಂತಗಳೂ ಹೇಳುತ್ತವೆ. ಆ ಕೊನೆಯ ಕಲ್ಲಿದ್ದಲನ್ನು ಸಲಿಕೆಯಿಂದ ಎತ್ತಿ ಹಾಕುತ್ತಿದ್ದ ಕೈಗಳನ್ನು ಕುರಿತು ಒಂದು ವಾಕ್ಯವೂ ಇರುವುದಿಲ್ಲ. ಹದಿಮೂರು ದಿನದ ದೋಣಿಯಾನವನ್ನು ಒಬ್ಬ ಅಧಿಕಾರಿಯ ಧೈರ್ಯದ ಕಥೆಯಾಗಿ ಓದುತ್ತೇವೆ. ಆ ಧೈರ್ಯ ನಿಜ; ಅದಕ್ಕೆ ಅವನಿಗೆ ರಾಜಮನ್ನಣೆ ದೊರೆತುದೂ ನ್ಯಾಯ. ಆದರೆ ದೋಣಿಯಲ್ಲಿದ್ದ ನಾಲ್ವರಲ್ಲಿ ಮೂವರು ಭಾರತೀಯರೆಂಬುದನ್ನು ಓದುಗನು ತಾನೇ ಭಾಗಾಕಾರ ಮಾಡಿ ತಿಳಿಯಬೇಕು.

ಸ್ಮಾರಕಗಳಲ್ಲಿಯೂ ಈ ಅಂಕಣಭೇದ ಕಾಣುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಕಡಲಲ್ಲಿ ಮಡಿದು ಸಮಾಧಿ ಕಾಣದ ಬ್ರಿಟಿಷ್ ವ್ಯಾಪಾರನೌಕೆಯ ನಾವಿಕರ ಹೆಸರುಗಳನ್ನು ಲಂಡನ್ನಿನ ಟವರ್ ಹಿಲ್‌ನಲ್ಲಿ ಕಂಚಿನ ಫಲಕಗಳ ಮೇಲೆ ಹಡಗು ಹಡಗಾಗಿ ಬರೆಯಲಾಗಿದೆ. ಅವಿಭಜಿತ ಭಾರತದ ವ್ಯಾಪಾರನೌಕಾದಳದ ಸುಮಾರು 6,000 ಮಂದಿಯ ಹೆಸರುಗಳು ಫಲಕದ ಮೇಲಿಲ್ಲ, ಒಂದು ಪುಸ್ತಕದಲ್ಲಿವೆ. ಅದರ ಒಂದು ಪ್ರತಿ ಚಿತ್ತಗಾಂಗಿನಲ್ಲಿ. ಮತ್ತೊಂದು ನಮ್ಮ ಈ ಮುಂಬಯಿಯಲ್ಲಿ, ಇಂಡಿಯನ್ ಸೀಮೆನ್ಸ್ ಹೋಮಿನ ವಶದಲ್ಲಿ. ಒಂದೇ ಹಡಗು, ಒಂದೇ ರಾತ್ರಿ, ಒಂದೇ ನೀರು. ಆದರೆ ಸತ್ತವರ ಲೆಕ್ಕ ಎರಡು ಪುಸ್ತಕಗಳಲ್ಲಿ. 2,792 ಗಟ್ಟಿಗಳನ್ನು ಒಂದೊಂದಾಗಿ ಎಣಿಸಿದ ನಾಗರಿಕತೆಗೆ 85 ಹೆಸರುಗಳನ್ನು ಒಂದೇ ಪುಟದಲ್ಲಿ ಬರೆಯುವುದು ಅಸಾಧ್ಯವಾಗಿತ್ತೆಂದು ಹೇಳಲಾಗದು. ಬರೆಯಬೇಕೆಂದು ತೋರಲಿಲ್ಲ, ಅಷ್ಟೆ. ಖಾರಾ ಖಾರಾ ಜನರು ‘ಸಾನ್ ಹೊಸೆ’ಯ ವಿಷಯದಲ್ಲಿ ಎತ್ತಿದ ದನಿಯ ಮರ್ಮ ಇಲ್ಲಿ ಸ್ಪಷ್ಟವಾಗುತ್ತದೆ. ಅದು ಕೇವಲ ಪಾಲಿನ ಬೇಡಿಕೆಯಲ್ಲ. ಲೆಕ್ಕದಲ್ಲಿ ನಮಗೂ ಒಂದು ಅಂಕಣ ಬೇಕೆಂಬ ಬೇಡಿಕೆ.

6

ಈ ಕಥೆಯಲ್ಲಿ ವಿಮರ್ಶಕನಿಗೆ ಸಮಾಧಾನ ಕೊಡುವ ಒಂದು ಘಟನೆಯುಂಟು. ಅದು ಯಾರೂ ಬಯಸದೆ ನಡೆದುದೆಂಬುದೇ ಅದರ ಸ್ವಾರಸ್ಯ. ಬೆಳ್ಳಿಯನ್ನು ಹುಡುಕುತ್ತಿದ್ದ ಯಂತ್ರದ ಕೈಗೆ ಕಾಗದ ಸಿಕ್ಕಿತು.

ಅಂಚೆಯ ಚೀಲಗಳು ಬೆಳಕಿಲ್ಲದ, ಆಮ್ಲಜನಕವಿಲ್ಲದ ಎಡೆಯಲ್ಲಿ ಹೂಳಿನ ಕೆಳಗೆ ಅದುಮಿ ಬಿದ್ದಿದ್ದವು. ಕಾಗದವನ್ನು ತಿನ್ನುವ ಜೀವಿಗಳಿಗೆ ಅಲ್ಲಿ ಬಾಳಲು ಅವಕಾಶವಿರಲಿಲ್ಲ. ಅದರಿಂದಾಗಿ ಕಬ್ಬಿಣವೇ ತುಕ್ಕಾಗಿ ಸುರಿದ ಹಡಗಿನಲ್ಲಿ ಕಾಗದ ಉಳಿದುಕೊಂಡಿತು. ಸಂರಕ್ಷಕರು ಬಹಳ ತಾಳ್ಮೆಯಿಂದ ಅದನ್ನು ಬಿಡಿಸಿ ಒಣಗಿಸಿದಾಗ 717 ಪತ್ರಗಳು ದೊರೆತುವು. 2018ರಲ್ಲಿ ಲಂಡನ್ನಿನ ಅಂಚೆ ವಸ್ತುಸಂಗ್ರಹಾಲಯವು ಅವುಗಳ ಒಂದು ಪ್ರದರ್ಶನವನ್ನು ಏರ್ಪಡಿಸಿತು. ಅವು ಭಾರತದಲ್ಲಿದ್ದ ಸೈನಿಕರೂ ಇತರರೂ 1940ರ ಕೊನೆಯಲ್ಲಿ ತಮ್ಮ ಮನೆಗಳಿಗೆ ಬರೆದ ಕಾಗದಗಳು. ಒಬ್ಬ ಸೈನಿಕನು ತನ್ನನ್ನು ವರಿಸಲು ಒಪ್ಪಿದ ತರುಣಿಗೆ ಆನಂದದಿಂದ ಬರೆದ ಓಲೆಯೂ ಅವುಗಳಲ್ಲೊಂದು. ಅದನ್ನು ಆಕೆಯ ಕಣ್ಣಿಗೆ ತೋರಿಸಿದಾಗ ಆಕೆಗೆ ತೊಂಬತ್ತೊಂಬತ್ತು ವರ್ಷ. ನಡುವೆ ಯುದ್ಧ ಮುಗಿದಿತ್ತು, ಆಕೆ ಬೇರೊಬ್ಬನನ್ನು ಮದುವೆಯಾಗಿ ಒಂದು ಬಾಳನ್ನೇ ಬಾಳಿದ್ದಳು. ಉತ್ತರ ತಲುಪಲಿಲ್ಲವೆಂಬುದರಿಂದಲೇ ಅವರ ಬಾಳು ಬೇರೆಯಾಯಿತೆಂದು ಹೇಳಲು ನಮಗೆ ಅಧಿಕಾರವಿಲ್ಲ. ಆದರೆ ಮನೆಬಿಟ್ಟು ದೂರದ ಊರುಗಳಲ್ಲಿ ನೆಲಸಿ, ಅಂಚೆಯವನ ದಾರಿ ಕಾದು ಬೆಳೆದ ನಮ್ಮ ತಲೆಮಾರಿನ ಹಿರಿಯರಿಗೆ ಈ ಪತ್ರದ ತೂಕವನ್ನು ಔನ್ಸಿನಲ್ಲಿ ಹೇಳಬೇಕಾಗಿಲ್ಲ.

ಬೆಳ್ಳಿಗೆ ವಿಮೆಯಿತ್ತು, ಪರಿಹಾರ ಸಂದಿತು, ಲೆಕ್ಕ ಅಂದೇ ಸರಿಹೋಯಿತು. ಬೆಳ್ಳಿ ಮೇಲೆ ಬರದಿದ್ದರೂ ಯಾವ ಮನೆಯೂ ಇನ್ನಷ್ಟು ಬಡವಾಗುತ್ತಿರಲಿಲ್ಲ. ಗಟ್ಟಿಗೆ ಗಟ್ಟಿ ಸಮ. ಒಂದರ ಬದಲಿಗೆ ಇನ್ನೊಂದು ನಿಂತೀತು. ಪತ್ರಕ್ಕೆ ಬದಲಿಯಿಲ್ಲ. ವಿಮೆಯ ದೃಷ್ಟಿಯಿಂದ ಶೂನ್ಯವಾದ ಆ ಕಾಗದಗಳೇ ಈ ನೌಕೆಯು ಹೊತ್ತಿದ್ದ ನಷ್ಟಗಳಲ್ಲಿ ನಿಜಕ್ಕೂ ತುಂಬಿಕೊಡಲಾಗದಂಥವು, ಮೃತರ ಪ್ರಾಣಗಳನ್ನು ಬಿಟ್ಟರೆ. ಹೀಗೆ ಕಡಲೇ ಖಾತೆಪುಸ್ತಕದ ಅಂಕಣವನ್ನು ತಿದ್ದಿತು.

ಈ ಸಂತೋಷಕ್ಕೂ ಒಂದು ಅಂಚುಂಟು. ಚೀಲದಲ್ಲಿದ್ದುದು ಬ್ರಿಟನ್ನಿನ ಕಡೆಗೆ ಹೊರಟ ಅಂಚೆ. ಕುಲುಮೆಯ ಮುಂದೆ ದುಡಿದವರ ಮನೆಗಳು ಹಡಗು ಬಿಟ್ಟುಬಂದ ದಿಕ್ಕಿನಲ್ಲಿದ್ದವು. ಅವರ ಕಾಗದ ಈ ಚೀಲದಲ್ಲಿ ಇರುವ ಸಂಭವವೇ ಕಡಮೆ. ಕಡಲು ಕಾಯ್ದುಕೊಟ್ಟ ದನಿಗಳಲ್ಲಿಯೂ ಅವರ ದನಿಯನ್ನು ನಾವು ನಿರೀಕ್ಷಿಸಲಾರೆವು.

7

ಕೊನೆಯದಾಗಿ ಹೆಸರಿನ ವಿಷಯ. 2014ರ ಸುಮಾರಿಗೆ ಬ್ರಿಟನ್ನಿನ ರಾಜಟಂಕಸಾಲೆಯು ಈ ಬೆಳ್ಳಿಯ ಒಂದು ಭಾಗದಿಂದ ಕಾಲು ಔನ್ಸಿನ ನಾಣ್ಯಗಳನ್ನು ಅಚ್ಚುಹಾಕಿಸಿ, ಅವುಗಳ ಅಂಚಿನ ಮೇಲೆ ಹಡಗಿನ ಹೆಸರನ್ನು ಕೆತ್ತಿಸಿತು. ಶರಾವತಿಯ ದಂಡೆಯ ಒಂದು ಕನ್ನಡ ಊರಿನ ಹೆಸರು ಇಂಗ್ಲೆಂಡಿನ ನಾಣ್ಯದ ಅಂಚಿಗೆ ಹೋಗಿ ಕುಳಿತಿತು! ಈ ಸುದ್ದಿಯನ್ನು ಕೇಳಿ ಹೆಮ್ಮೆಪಡುವ ಮೊದಲು ಆ ಹೆಸರಿನ ಹಿಂದೆ ಏನಿತ್ತೆಂಬುದನ್ನು ನೆನೆಯಬೇಕು.

ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಗೇರುಸೊಪ್ಪೆಯನ್ನು ಆಳಿದ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದರು. ಆ ಮೆಣಸಿಗೆ ಅವರು ತೆರುತ್ತಿದ್ದುದರಲ್ಲಿ ಬೆಳ್ಳಿ ಮುಖ್ಯ. 1545ರಲ್ಲಿ ಪತ್ತೆಯಾದ ಪೊಟೊಸಿ ಬೆಟ್ಟದ ಗಣಿಯ ಬೆಳ್ಳಿಯು ಸ್ಪೇನಿಗೆ, ಅಲ್ಲಿಂದ ಲಿಸ್ಬನ್ನಿಗೆ, ಅಲ್ಲಿಂದ ಗೋವೆಗೆ, ಗೋವೆಯಿಂದ ಮೆಣಸಿನ ಕರಾವಳಿಗೆ ಹರಿದು ಬಂದಿತು. ‘ಸಾನ್ ಹೊಸೆ’ಯೂ ಅದೇ ಪ್ರವಾಹದ ಒಂದು ಹಡಗು. ಕೆಳದಿಯ ನಾಯಕರ ಕೈಗೆ ರಾಜ್ಯ ಹೋದ ಮೇಲೆ, 1623ರಲ್ಲಿ, ಇಕ್ಕೇರಿಗೆ ಹೋಗುತ್ತ ಆ ದಾರಿಯಲ್ಲಿ ನಡೆದ ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲಾ ವಾಲ್ಲೆ ಕಂಡುದು ಕುಸಿದ ಅರಮನೆ, ಗಿಡಮರ ಬೆಳೆದ ಊರು. ಇಂದು ಅಲ್ಲಿಗೆ ಹೋದವನಿಗೆ ಹಳೆಯ ವೈಭವದ ಗುರುತಾಗಿ ಕಾಡಿನ ನಡುವೆ ಚತುರ್ಮುಖ ಬಸದಿ ನಿಂತಿದೆ, ಬೆಳ್ಳಿಯ ಗುರುತಿಲ್ಲ.

ನೂರಾರು ವರ್ಷ ಬೆಳ್ಳಿಯನ್ನು ಒಳಗೆಳೆದುಕೊಂಡ ದೇಶದಿಂದ 1940ರಲ್ಲಿ ಬೆಳ್ಳಿ ಹೊರಗೆ ಹೊರಟಿತು. ಆ ವರ್ಷವೇ ಭಾರತದಲ್ಲಿ ಒಂದು ರೂಪಾಯಿಯ ನೋಟು ಯುದ್ಧಕಾಲದ ಉಪಾಯವಾಗಿ ಮರಳಿ ಚಲಾವಣೆಗೆ ಬಂದಿತು. ಬೆಳ್ಳಿಯ ರೂಪಾಯಿಯ ಅಪ್ಪಟತನವನ್ನು ಹನ್ನೆರಡರಲ್ಲಿ ಹನ್ನೊಂದು ಭಾಗದಿಂದ ಅರ್ಧಕ್ಕೆ ಇಳಿಸಲಾಯಿತು. ಒಳಗೆ ಬೆಳ್ಳಿ ಕಾಗದವಾಗುತ್ತಿದ್ದ ಕಾಲದಲ್ಲಿ ಗಟ್ಟಿಬೆಳ್ಳಿ ಕಡಲದಾರಿ ಹಿಡಿದುದು ಗೇರುಸೊಪ್ಪೆಯ ಹೆಸರಿನ ಹಡಗಿನಲ್ಲಿ. ಈ ಬೆಳ್ಳಿಯೇ ಆ ಬೆಳ್ಳಿಯೆಂದು ಯಾರೂ ಹೇಳಲಾರರು. ಇದು ಸಾದೃಶ್ಯವೇ ಹೊರತು ಸಾಕ್ಷ್ಯವಲ್ಲ. ಹೆಸರಿನ ಬಲದಿಂದ ನಿಧಿ ನಮ್ಮದೆಂದು ಹೇಳಹೊರಟರೆ ನಾವೂ ಬಾಲಕನ ಗಾಜಿನ ಹರಳನ್ನು ನಂಬಿದಂತಾಗುತ್ತದೆ. ಕಂಪನಿಯು ಹೆಸರನ್ನು ನಕಾಶೆಯಿಂದ ಆರಿಸಿಕೊಂಡಿತು. ಊರಿಗೂ ಹಡಗಿಗೂ ಬೇರೆ ನಂಟಿಲ್ಲ.

ಆದರೆ ಹೆಸರು ಒಡೆತನವನ್ನು ಕೊಡದಿದ್ದರೂ ಒಂದು ಹೊಣೆಯನ್ನು ಕೊಡಬಹುದು. ನಮ್ಮ ಸಂಶೋಧಕರು ಶಾಸನದ ಒಂದು ಮುರಿದ ಕಲ್ಲಿಗಾಗಿ ಹಳ್ಳಿ ಹಳ್ಳಿ ಅಲೆದವರು. ವೀರಗಲ್ಲಿನಲ್ಲಿ ತುರು ಕಾಯ್ದು ಮಡಿದ ಸಾಮಾನ್ಯನ ಹೆಸರನ್ನು ಓದಿ ಚರಿತ್ರೆಗೆ ಸೇರಿಸಿದವರು. ಕನ್ನಡ ನಾಡಿನ ವೀರಗಲ್ಲುಗಳ ದೊಡ್ಡತನವಿರುವುದು ಇದರಲ್ಲಿಯೇ. ಅಲ್ಲಿ ತುರುಗಳ ಬೆಲೆಯ ಲೆಕ್ಕವಿಲ್ಲ, ಮಡಿದವನ ಹೆಸರಿದೆ. ಆ ಪದ್ಧತಿಯಲ್ಲಿ ಪಳಗಿದವರಿಗೆ ‘ಗೇರುಸೊಪ್ಪ’ದ ವೃತ್ತಾಂತದಲ್ಲಿ ಮಾಡಲು ಕೆಲಸವುಂಟು. ಹೆಸರುಗಳ ಪುಸ್ತಕ ಈ ನಗರದಲ್ಲಿಯೇ ಇದೆ. ಅದರ ಪುಟಗಳಲ್ಲಿ ಈ ಹಡಗಿನವರನ್ನು ಆರಿಸಿ, ಟವರ್ ಹಿಲ್‌ನ ಪಟ್ಟಿಯೊಡನೆ ಸೇರಿಸಿ, 85 ಹೆಸರುಗಳನ್ನು ಮೊದಲ ಬಾರಿಗೆ ಒಂದೇ ಹಾಳೆಯಲ್ಲಿ ಕನ್ನಡ ಅಕ್ಷರಗಳಲ್ಲಿ ಬರೆಯುವುದು ಯಾವ ಯಂತ್ರವನ್ನೂ ಬೇಡದ ಶೋಧ. ಅವರಲ್ಲಿ ಕನ್ನಡಿಗರು ಒಬ್ಬರೂ ಇಲ್ಲದಿರಬಹುದು. ವೀರಗಲ್ಲನ್ನು ಓದುವವನು ಮಡಿದವನ ಕುಲಗೋತ್ರವನ್ನು ವಿಚಾರಿಸಿದ ಮೇಲೆ ಓದುವುದಿಲ್ಲ.

ನಿಧಿಕಥನವನ್ನು ಬಿಟ್ಟುಬಿಡಬೇಕೆಂದು ನಾನು ಹೇಳುವುದಿಲ್ಲ. ಅದರ ಕುತೂಹಲ ಮನುಷ್ಯಸಹಜವಾದುದು. ಸಾಗರಕ್ಕೆ ರತ್ನಾಕರವೆಂದು ಹೆಸರಿಟ್ಟವರು ನಾವೇ ಅಲ್ಲವೆ? ಆದರೆ ಅದೇ ಸಾಗರವನ್ನು ಕಡೆದಾಗ ಮೊದಲು ಬಂದುದು ಹಾಲಾಹಲವೆಂದೂ ನಮ್ಮ ಪುರಾಣವು ಮರೆಯದೆ ದಾಖಲಿಸಿದೆ. ಲಕ್ಷ್ಮಿ ಬಂದುದು ಅನಂತರ. ನಿಧಿನೌಕೆಯ ಕಥೆ ಹೇಳುವವರು ಆ ಕ್ರಮವನ್ನು ಪಾಲಿಸಿದರೆ ಸಾಕು. ಮೊದಲು ಮಡಿದವರ ಹೆಸರು, ಬಳಿಕ ತಲುಪದ ಪತ್ರ, ಕೊನೆಗೆ ಬೆಳ್ಳಿಯ ತೂಕ. ಸಂಖ್ಯೆಗಳೆಲ್ಲ ಇದ್ದಂತೆಯೇ ಇರುತ್ತವೆ. ಅವುಗಳ ಮೊತ್ತ ಮಾತ್ರ ಬೇರೆಯಾಗುತ್ತದೆ.